'ಮುಂದಿನ ಸೂಚನೆಯವರೆಗೆ' ಅಂದರೆ ಎಲ್ಲಿಯವರೆಗೆ?

ಸಂಪಾದಕರೇ,

ಫ್ಯಾಸಿಸಂ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬೂಟು, ಬಂದೂಕು, ಸೆರೆಶಿಬಿರ. ಅದೆಲ್ಲ ಆಮೇಲಿನ ಮಾತು. ಶುರುವಾಗುವುದು ಕಾಗದದ ಮೇಲೆ.

1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದದ್ದು ದಂಗೆ ಎದ್ದಲ್ಲ, ಅಧ್ಯಕ್ಷರ ನೇಮಕದಿಂದ. ಫೆಬ್ರುವರಿ 27ರ ರಾತ್ರಿ ಅಲ್ಲಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ತುರ್ತು ಆದೇಶ ಹೊರಬಿತ್ತು. ಮಾತಾಡುವ, ಬರೆಯುವ, ಸಭೆ ಸೇರುವ ಹಕ್ಕುಗಳೆಲ್ಲ 'ಮುಂದಿನ ಸೂಚನೆಯವರೆಗೆ' ಅಮಾನತು. ನಾಜಿ ಆಡಳಿತ ಮುಗಿಯುವ ತನಕ ಆ ಸೂಚನೆ ಬರಲೇ ಇಲ್ಲ!

ಮಾರ್ಚ್ 23ರಂದು ಸಂಸತ್ತು ಕಾನೂನು ಮಾಡುವ ಅಧಿಕಾರವನ್ನೇ ಸರ್ಕಾರದ ಕೈಗಿಟ್ಟಿತು. ಪರವಾಗಿ 444 ಮತ, ವಿರುದ್ಧ 94. ಸಭಾಂಗಣದೊಳಗೇ ನಾಜಿಗಳ ಸಮವಸ್ತ್ರದ ಪಡೆ ನಿಂತಿತ್ತು. ಅಂಥದ್ದರಲ್ಲೂ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ನಾಯಕ ಓಟ್ಟೊ ವೆಲ್ಸ್ ಎದ್ದು ನಿಂತು ವಿರೋಧಿಸಿದರು. ಅವರ ಧೈರ್ಯ ನೆನೆದರೆ ಇವತ್ತಿಗೂ ಮನಸ್ಸು ತುಂಬಿಬರುತ್ತದೆ.

ಹಾಗಾಗಿ ಯಾವ ದೇಶದ ಸರ್ಕಾರವೇ ಇರಲಿ, ನಾನು ಭಾಷಣಕ್ಕಿಂತ ಜಾಸ್ತಿ ಆದೇಶಗಳನ್ನು ಗಮನಿಸುತ್ತೇನೆ. ತುರ್ತು ಅಧಿಕಾರಕ್ಕೆ ಕೊನೆಯ ದಿನಾಂಕ ಇದೆಯಾ? ತನ್ನ ವಿರುದ್ಧ ಬಂದ ತೀರ್ಪನ್ನು ಸರ್ಕಾರ ಪಾಲಿಸುತ್ತದಾ? ಪ್ರಶ್ನೆ ಕೇಳಿದವರನ್ನು ದೇಶದ್ರೋಹಿ ಅನ್ನುತ್ತದಾ? ಎಲ್ಲ ಕಷ್ಟಕ್ಕೂ ಒಂದೇ ಸಮುದಾಯವನ್ನು ಹೊಣೆ ಮಾಡುತ್ತದಾ? ಒಂದು ಲಕ್ಷಣ ಕಂಡ ಮಾತ್ರಕ್ಕೆ ಫ್ಯಾಸಿಸಂ ಅನ್ನುವುದು ಸರಿಯಲ್ಲ. ಆ ಪದವನ್ನು ಸುಮ್ನೆ ಬೈಗುಳವಾಗಿ ಬಳಸಿ ಸವೆಸಿದ್ದೇವೆ. ಆದರೆ ಇವೆಲ್ಲ ಒಟ್ಟಿಗೆ ಕಂಡರೆ ಹೆದರಲೇಬೇಕು ಅಲ್ವಾ?

ತುರ್ತು ಆದೇಶಗಳ ಸುದ್ದಿ ಹಾಕುವಾಗ, ಅದು ಯಾವತ್ತು ಮುಗಿಯುತ್ತದೆ ಅನ್ನುವುದನ್ನು ದಯವಿಟ್ಟು ಮೊದಲ ಸಾಲಲ್ಲೇ ಬರೆಯಿರಿ.

ಇತಿ,
ನಿಮ್ಮ ಓದುಗ