‘ಮ್ಯಾಶ್’ ಧಾರಾವಾಹಿಯನ್ನು ಕ್ರಮಗೆಡಿಸಿ, ಕತ್ತರಿಸಿ ತೋರಿಸುತ್ತಿರುವ ಬಗ್ಗೆ ದೂರು

ಇವರಿಗೆ,
ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು ಮತ್ತು ಗ್ರಾಹಕ ದೂರು ವಿಭಾಗ

ವಿಷಯ: ‘ಮ್ಯಾಶ್’ ಕಂತುಗಳ ಕ್ರಮ, ಚೌಕಟ್ಟು, ಅವಧಿ, ಧ್ವನಿ ಮತ್ತು ಕನ್ನಡ ವಿವರಣೆಯಲ್ಲಿನ ದೋಷಗಳು

ಮಾನ್ಯರೇ,

ನಿಮ್ಮ ವಿಡಿಯೊ ಸೇವೆಯಲ್ಲಿ ‘ಮ್ಯಾಶ್’ನ ಹನ್ನೊಂದೂ ಸೀಸನ್‌ಗಳಿವೆ ಎಂಬ ಜಾಹೀರಾತು ನಂಬಿ ಚಂದಾ ಕಟ್ಟಿದವರು ನಾವು. 1972ರ ಸೆಪ್ಟೆಂಬರ್ 17ರಿಂದ 1983ರ ಫೆಬ್ರವರಿ 28ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ, ಕೊರಿಯಾ ಯುದ್ಧದ ಸೇನಾ ಆಸ್ಪತ್ರೆ ಶಿಬಿರವೊಂದರ ವೈದ್ಯರ ಹಾಸ್ಯ ಧಾರಾವಾಹಿ ಇದು. ಒಟ್ಟು 256 ಕಂತು. ಶುರುವಾದಾಗ ಇದ್ದ ಮ್ಯಾಶ್‌ಗೂ ಮುಗಿದಾಗ ಇದ್ದ ಮ್ಯಾಶ್‌ಗೂ ಅಜಗಜಾಂತರ. ಕೊನೆಯ ಮೂರು ಸೀಸನ್‌ಗಳು ಸೊರಗಿವೆ ಎಂದೇ ನಮ್ಮ ಅಭಿಪ್ರಾಯ. ಆದರೆ ಅದು ಹೇಗೆ ಸೊರಗಿತು, ಯಾವಾಗ, ಯಾರು ಹೋದ ಮೇಲೆ ಎಂಬುದನ್ನು ನೋಡುಗರು ತಾವೇ ಕಂಡುಕೊಳ್ಳಬೇಕು. ನೀವು ಜೋಡಿಸಿರುವ ರೀತಿಯಲ್ಲಿ ಅದು ಸಾಧ್ಯವೇ ಇಲ್ಲ.

ಮೊದಲನೆಯದು ಕ್ರಮ. ಪ್ರತಿ ಸೀಸನ್‌ನ ಪುಟದಲ್ಲೂ ಕಂತುಗಳು ‘ಜನಪ್ರಿಯತೆ’ಯ ಮೇಲೆ ಸಾಲಾಗಿ ನಿಂತಿವೆ. ಒಂದು ಮುಗಿದ ಕೂಡಲೇ ತಾನಾಗಿ ಶುರುವಾಗುವ ಕಂತು ಬೇರೆ ಯಾವುದೋ ಸೀಸನ್‌ನದು. ಇದರ ಪರಿಣಾಮ ನೋಡಿ. ಮೂರನೇ ಸೀಸನ್‌ನ ಕೊನೆಯ ಕಂತಿನಲ್ಲಿ, 1975ರ ಮಾರ್ಚ್ 18ರಂದು, ಊರಿಗೆ ಹೊರಟ ಶಿಬಿರದ ಮುಖ್ಯಸ್ಥ ಕರ್ನಲ್ ಹೆನ್ರಿ ಬ್ಲೇಕ್ ಅವರ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದರು, ಯಾರೂ ಉಳಿಯಲಿಲ್ಲ ಎಂದು ಶಿಬಿರದ ಗುಮಾಸ್ತ ರೇಡಾರ್ ಶಸ್ತ್ರಚಿಕಿತ್ಸೆ ಕೊಠಡಿಗೆ ಬಂದು ಓದಿ ಹೇಳುತ್ತಾನೆ. ಹಾಸ್ಯ ಧಾರಾವಾಹಿಯೊಂದು ಮುಖ್ಯ ಪಾತ್ರವನ್ನು ಹೀಗೆ ಕೊಂದದ್ದಕ್ಕೆ ಅಂದಿನ ಪ್ರೇಕ್ಷಕರು ದಂಗಾಗಿದ್ದರು. ನಿಮ್ಮಲ್ಲಿ ಇದಾದ ಮರುನಿಮಿಷವೇ ಹೆನ್ರಿ ಮೀನು ಹಿಡಿಯುವ ಟೋಪಿ ಹಾಕಿಕೊಂಡು ನಗುತ್ತಾ ಬರುತ್ತಾರೆ. ಅವರ ಜಾಗಕ್ಕೆ ಬರುವ ಕರ್ನಲ್ ಪಾಟರ್ ಪಾತ್ರಧಾರಿ ಹ್ಯಾರಿ ಮಾರ್ಗನ್ ಅದೇ ಮೂರನೇ ಸೀಸನ್‌ನ ಮೊದಲ ಕಂತಿನಲ್ಲಿ ತಲೆಕೆಟ್ಟ ಜನರಲ್ ಒಬ್ಬನಾಗಿಯೂ ನಟಿಸಿದ್ದಾರೆ. ಕ್ರಮ ತಪ್ಪಿದರೆ ಹೊಸಬರಿಗೆ ಇಬ್ಬರೂ ಒಬ್ಬರೇ ಅನ್ನಿಸುತ್ತದೆ. ಶಸ್ತ್ರವೈದ್ಯ ಬಿ.ಜೆ. ಹನಿಕಟ್ ಮೀಸೆ ಬಿಡುವುದು ಏಳನೇ ಸೀಸನ್‌ನಿಂದ. ನಿಮ್ಮಲ್ಲಿ ಆ ಮೀಸೆ ಒಂದೇ ಸಂಜೆಯಲ್ಲಿ ಹತ್ತು ಸಲ ಬಂದು ಹೋಗುತ್ತದೆ.

ಕ್ರಮ ಇದ್ದಿದ್ದರೆ ಕಾಣುತ್ತಿದ್ದುದು ಇದು: ಮೊದಲ ವರ್ಷಗಳ ಬಿರುಸು, ಕಿಡಿಗೇಡಿತನವೆಲ್ಲ ಲ್ಯಾರಿ ಗೆಲ್ಬಾರ್ಟ್ ಬರವಣಿಗೆಯದು. ನಾಲ್ಕನೇ ಸೀಸನ್ ಮುಗಿಸಿ ಅವರು ಹೊರಟರು. ಐದರ ನಂತರ ನಿರ್ಮಾಪಕ ಜೀನ್ ರೆನಾಲ್ಡ್ಸ್ ಹೋದರು. ಅದೇ ಹೊತ್ತಿಗೆ ಶಸ್ತ್ರವೈದ್ಯ ಫ್ರಾಂಕ್ ಬರ್ನ್ಸ್ ಪಾತ್ರದ ಲ್ಯಾರಿ ಲಿನ್‌ವಿಲ್ ಕೂಡ ಬಿಟ್ಟರು. ಜನ ಹೆನ್ರಿಯ ಸಾವನ್ನು ನೆನೆಯುತ್ತಾರೆ. ನಮ್ಮ ಪ್ರಕಾರ ದೊಡ್ಡ ನಷ್ಟ ಫ್ರಾಂಕ್‌ನದು. ಅವನು ಅಯೋಗ್ಯ, ಪುಕ್ಕಲ, ನಿಯಮ ಪುಸ್ತಕದ ದಾಸ. ಕಥಾನಾಯಕ ಹಾಕೈ ಮಾಡುವ ಪ್ರತಿ ಕೀಟಲೆಗೂ ಗೋಡೆಯ ಹಾಗೆ ನಿಂತವನು ಅವನೇ. ಅವನ ಬದಲು ಬಂದ ವಿಂಚೆಸ್ಟರ್ ಅಹಂಕಾರಿ ನಿಜ, ಆದರೆ ಕೈಗುಣವುಳ್ಳ ವೈದ್ಯ, ಸಂಗೀತಪ್ರೇಮಿ, ಒಳಗೊಳಗೇ ಒಳ್ಳೆಯವನು. ಮುಖ್ಯ ದಾದಿ ಮಾರ್ಗರೆಟ್ ಕೂಡ ಬರಬರುತ್ತಾ ಗೆಳತಿಯಾದಳು. ಎಂಟನೇ ಸೀಸನ್‌ನಲ್ಲಿ ರೇಡಾರ್ ಊರಿಗೆ ಹೋದ, ಸೇನೆಯಿಂದ ಬಿಡುಗಡೆ ಸಿಗಲೆಂದು ಹೆಣ್ಣುಡುಗೆ ತೊಡುತ್ತಿದ್ದ ಕ್ಲಿಂಗರ್ ಅವನ ಕುರ್ಚಿಗೆ ಬಂದು, ಅದನ್ನು ಬಿಟ್ಟು ಸೀರಿಯಸ್ಸಾದ. ಶಿಬಿರದಲ್ಲಿ ಎಲ್ಲರೂ ಒಳ್ಳೆಯವರೇ ಆದ ಮೇಲೆ ಜಗಳಕ್ಕೆ ಕಾರಣ ಉಳಿಯಲಿಲ್ಲ. ಆ ಜಾಗಕ್ಕೆ ಭಾಷಣ ಬಂತು. ಪಾತ್ರಗಳು ತುಂಬಿಕೊಂಡವು, ನಗು ತೆಳುವಾಯಿತು. ಎರಡೂ ಒಟ್ಟಿಗೇ ಆದದ್ದೇ ಈ ಧಾರಾವಾಹಿಯ ವಿಶೇಷ. ಮೂರು ವರ್ಷದ ಯುದ್ಧವನ್ನು ಹನ್ನೊಂದು ವರ್ಷ ಎಳೆದ ಗುರುತು ನಟರ ನರೆಗೂದಲಿನಲ್ಲೂ ಕಾಣುತ್ತದೆ.

ಕಥೆಯ ಇಸವಿ ಹಿಡಿದು ಜೋಡಿಸಲು ಮಾತ್ರ ಹೋಗಬೇಡಿ. ಪಾಟರ್ ಶಿಬಿರಕ್ಕೆ ಬಂದದ್ದು 1952ರ ಸೆಪ್ಟೆಂಬರ್ 19 ಎಂದು ನಾಲ್ಕನೇ ಸೀಸನ್ ಹೇಳುತ್ತದೆ. ಒಂಬತ್ತನೇ ಸೀಸನ್‌ನ ಒಂದು ಕಂತು 1951ನೇ ಇಸವಿಯನ್ನಿಡೀ ಅವರನ್ನು ಅಲ್ಲೇ ಇಟ್ಟು ತೋರಿಸುತ್ತದೆ. ಚಿತ್ರೀಕರಣದ ಕ್ರಮವೂ ಬೇಡ. ಕಟ್ಟಕಡೆಗೆ ಚಿತ್ರೀಕರಿಸಿದ ಕಂತು ಪ್ರಸಾರವಾದದ್ದು ಮುಕ್ತಾಯದ ಕಂತಿಗಿಂತ ಒಂದು ವಾರ ಮೊದಲು. ಪ್ರಸಾರದ ದಿನಾಂಕವೊಂದೇ ಸರಿಯಾದ ಆಧಾರ.

ಎರಡನೆಯದು ಚೌಕಟ್ಟು. ಚಿತ್ರ 4:3 ಅಳತೆಗೆ ಹೊಂದಿಸಿ ತೆಗೆದದ್ದು. ನೀವು ಇಂದಿನ ಟಿವಿ ತುಂಬಲೆಂದು 16:9ಕ್ಕೆ ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದ್ದೀರಿ. ಲೆಕ್ಕ ಹಾಕಿ: ಎತ್ತರದಲ್ಲಿ ನಾಲ್ಕನೇ ಒಂದು ಭಾಗ ಹೋಯಿತು. ಆಪರೇಷನ್ ಟೇಬಲ್ಲಿನ ದೃಶ್ಯಗಳಲ್ಲಿ ಕೆಲಸ ಮಾಡುವ ಕೈಗಳಿರುವುದೇ ಚೌಕಟ್ಟಿನ ತಳದಲ್ಲಿ. ಏಳನೇ ಸೀಸನ್‌ನ ಒಂದು ಕಂತು ಇಡಿಯಾಗಿ ಗಾಯಾಳು ಸೈನಿಕನ ಕಣ್ಣಿನಿಂದ ತೆಗೆದದ್ದು. ವೈದ್ಯರು ಕ್ಯಾಮೆರಾದ ಮೇಲೆ ಬಾಗಿ ಮಾತನಾಡುತ್ತಾರೆ. ನಿಮ್ಮಲ್ಲಿ ಅವರಿಗೆ ಹಣೆಯೇ ಇಲ್ಲ.

ಮೂರನೆಯದು ಅವಧಿ. ಮೂಲ ಕಂತುಗಳು ಸುಮಾರು 25 ನಿಮಿಷದವು. ನಿಮ್ಮವು 22 ನಿಮಿಷಕ್ಕೇ ಮುಗಿಯುತ್ತವೆ. ಹೆಚ್ಚು ಜಾಹೀರಾತು ಸೇರಿಸಲೆಂದು ಮರುಪ್ರಸಾರದ ಕಾಲದಲ್ಲಿ ಕತ್ತರಿಸಿದ ಪ್ರತಿಗಳನ್ನು ನೀವು ಹಾಕಿರುವಂತಿದೆ. ಕಳೆದುಹೋಗಿರುವುದು ಹೆಚ್ಚಾಗಿ ಧ್ವನಿವರ್ಧಕದ ಪ್ರಕಟಣೆಗಳು ಮತ್ತು ಕೊನೆಯ ಪುಟ್ಟ ದೃಶ್ಯ. ಎಂಟನೇ ಸೀಸನ್‌ನಲ್ಲಿ ಮಹಾಪಧಮನಿ ಹರಿದ ಸೈನಿಕನೊಬ್ಬನನ್ನು ಇಪ್ಪತ್ತು ನಿಮಿಷದೊಳಗೆ ಉಳಿಸಬೇಕಾದ ಕಂತಿದೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತದೆ, ಕಥೆ ನಿಜವಾದ ಸಮಯದಲ್ಲೇ ಸಾಗುತ್ತದೆ. ನೀವು ಕತ್ತರಿ ಹಾಕಿದ್ದರಿಂದ ಗಡಿಯಾರ ನಡುನಡುವೆ ನೆಗೆಯುತ್ತದೆ. ಚೌಕಟ್ಟು ಕತ್ತರಿಸಿದ್ದರಿಂದ ಅದರ ಅರ್ಧವೂ ಕಾಣುವುದಿಲ್ಲ. ಎರಡೂವರೆ ಗಂಟೆಯ ವಿಶೇಷವಾಗಿ ಪ್ರಸಾರವಾಗಿ ಹತ್ತು ಕೋಟಿಗೂ ಹೆಚ್ಚು ಅಮೆರಿಕನ್ನರು ನೋಡಿದ ಕೊನೆಯ ಕಂತನ್ನು ಐದು ತುಂಡು ಮಾಡಿ, ಪ್ರತಿ ತುಂಡಿಗೂ ಶೀರ್ಷಿಕೆ ಗೀತೆ ಅಂಟಿಸಿದ್ದೀರಿ.

ನಾಲ್ಕನೆಯದು ಹಿನ್ನೆಲೆಯಲ್ಲಿ ಸೇರಿಸಿದ ನಗುವಿನ ಧ್ವನಿ. ನಗು ಸೇರಿಸಲೇಬೇಕೆಂದು ಹಟ ಹಿಡಿದದ್ದು ವಾಹಿನಿ, ತಯಾರಕರಲ್ಲ. ಶಸ್ತ್ರಚಿಕಿತ್ಸೆ ಕೊಠಡಿಯಲ್ಲಿ ನಗು ಬೇಡ ಎಂಬ ಒಪ್ಪಂದಕ್ಕೆ ಬಂದರು. ಬ್ರಿಟನ್ನಿನಲ್ಲಿ ಬಿಬಿಸಿ ನಗುವಿಲ್ಲದೆಯೇ ತೋರಿಸಿತು. ಡಿವಿಡಿಯಲ್ಲೂ ನಗು ತೆಗೆದು ನೋಡುವ ಆಯ್ಕೆ ಇತ್ತು. ಅಂದರೆ ಆ ಧ್ವನಿಪಟ್ಟಿ ಇದೆ. ಅದನ್ನು ಎರಡನೇ ಆಡಿಯೊ ಆಯ್ಕೆಯಾಗಿ ಕೊಡಿ.

ಇನ್ನು ಕನ್ನಡ ವಿವರಣೆ. ಹನ್ನೊಂದೂ ಸೀಸನ್‌ಗೆ ಒಂದೇ ವಾಕ್ಯ: ‘ವಿಯೆಟ್ನಾಂ ಯುದ್ಧದ ವೈದ್ಯರ ನಗೆಹಬ್ಬ’. ಇದು ತಪ್ಪು. ಕಥೆ ನಡೆಯುವುದು ಕೊರಿಯಾದಲ್ಲಿ, 1950–53ರ ಯುದ್ಧದಲ್ಲಿ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ತಯಾರಾಗಿ ಅದರ ನೆರಳು ಬಿದ್ದದ್ದು ಬೇರೆ ಮಾತು. ಕನ್ನಡದವರಿಗೆ ಕೊರಿಯಾ ಅಷ್ಟು ಅಪರಿಚಿತವೂ ಅಲ್ಲ. ಅಲ್ಲಿ ಭಾರತದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಗಾಯಾಳುಗಳ ಸೇವೆ ಮಾಡಿತ್ತು. ಯುದ್ಧ ನಿಂತ ಮೇಲೆ ಕೈದಿಗಳ ವಾಪಸಾತಿಗೆ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಇಷ್ಟು ಗೊತ್ತಿರುವ ಒಬ್ಬರಿಂದ ವಿವರಣೆ ಬರೆಸಿ. ಪ್ರತಿ ಕಂತಿನ ಕೆಳಗೆ ಪ್ರಸಾರದ ದಿನಾಂಕ, ಬರೆದವರು, ನಿರ್ದೇಶಿಸಿದವರ ಹೆಸರು ಹಾಕಿ. ಅಲನ್ ಆಲ್ಡಾ ನಟನಾಗಿ ಬಂದು ಬರಹಕ್ಕೂ ನಿರ್ದೇಶನಕ್ಕೂ ಎಷ್ಟು ಕೈ ಹಾಕಿದರು ಎಂಬುದು ಅದರಿಂದಲೇ ತಿಳಿಯುತ್ತದೆ.

ಪ್ರಸಾರದ ಕ್ರಮ ಮತ್ತು ವಿವರಣೆಯ ತಿದ್ದುಪಡಿಗೆ ಹೊಸ ಪ್ರತಿ ಬೇಕಿಲ್ಲ, ಪಟ್ಟಿ ಸರಿಪಡಿಸಿದರೆ ಸಾಕು. ಅವೆರಡನ್ನೂ ಈ ತಿಂಗಳೊಳಗೆ ಮಾಡಿಕೊಡಿ. ಪೂರ್ಣಾವಧಿಯ 4:3 ಪ್ರತಿ ಮತ್ತು ನಗುವಿಲ್ಲದ ಧ್ವನಿ ಹಕ್ಕುದಾರರಿಂದ ಬರಬೇಕು ಎಂಬುದು ನಮಗೂ ಗೊತ್ತು. ಕೇಳಿದ್ದೀರಾ, ಯಾವಾಗ ಬರುತ್ತದೆ ಎಂದು ಲಿಖಿತವಾಗಿ ತಿಳಿಸಿ. ಅಲ್ಲಿಯವರೆಗೆ ಜಾಹೀರಾತಿನಿಂದ ‘ಸಂಪೂರ್ಣ’ ಎಂಬ ಪದ ತೆಗೆದುಹಾಕಬೇಕೆಂದು ಕೋರುತ್ತೇವೆ.

ಇಂತಿ,
ನಿಮ್ಮ ಚಂದಾದಾರರು