ಶನಿವಾರ ಸಂಜೆ ಇಟಲಿ ಕ್ವಿಜ್: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಈ ಶನಿವಾರ ಸಂಜೆ 5 ಗಂಟೆಗೆ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್ ಕ್ವಿಜ್ ಇಟ್ಟುಕೊಂಡಿದ್ದೇವೆ. ಮುಕ್ಕಾಲು ಗಂಟೆಯ ಆಟ. ವಿಷಯ ಇಟಲಿ. ಅಂಕ, ಬಹುಮಾನ, ಫೀಸು ಯಾವುದೂ ಇಲ್ಲ.

"ಇಟಲಿ ಯಾಕೆ ಮೇಡಂ?" ಅಂತ ಗೇಟಿನ ಹತ್ತಿರ ಕೆಲವರು ಕೇಳಿದಿರಿ. ವಿಜಯನಗರದ ಪಾಠ ಬಂದಾಗ ಮಕ್ಕಳು ನಿಕೊಲೊ ಕೊಂಟಿ ಅಂತ ಹೆಸರು ಉರು ಹೊಡೆಯುತ್ತಾರೆ. ಅಲ್ಲಿಗೆ ಬಂದಿದ್ದ ಆತ ಇಟಲಿಯ ವೆನಿಸ್ ಕಡೆಯ ವ್ಯಾಪಾರಿ. ವೆನಿಸ್ ನೂರಕ್ಕೂ ಜಾಸ್ತಿ ಪುಟ್ಟ ದ್ವೀಪಗಳ ಊರು, ಅಲ್ಲಿನ ಜನ ಕೆಲಸಕ್ಕೆ ದೋಣಿ ಹತ್ತಿ ಹೋಗುತ್ತಾರೆ ಅಂತ ಯಾವ ಮಗುವಿಗೂ ಗೊತ್ತಿರಲಿಲ್ಲ.

ಇನ್ನೊಬ್ಬ ಪ್ರವಾಸಿ ರೋಮ್‌ನ ಪಿಯೆತ್ರೊ ದೆಲ್ಲಾ ವಲ್ಲೆ. 1623ರಲ್ಲಿ ಕೆಳದಿ ನಾಯಕರ ಇಕ್ಕೇರಿಗೆ ಬಂದಿದ್ದ. ಆ ಪ್ರಯಾಣದಲ್ಲಿ ಗುಡಿಯ ಜಗಲಿಯಲ್ಲಿ ಕೂತ ಹುಡುಗರನ್ನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದರಂತೆ. ಅದನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ನಾನು ಮೇಷ್ಟ್ರ ಮಗಳು, ಹಾಗಾಗಿ ಇದು ನನ್ನ ಪ್ರೀತಿಯ ಪ್ರಶ್ನೆ!

ಸೋಮವಾರ ಸ್ಟಾಫ್ ರೂಮಿನಲ್ಲಿ ನಾವೇ ಒಮ್ಮೆ ಆಡಿ ನೋಡಿದೆವು. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ರಾಜಧಾನಿ ಯಾವುದು? ನಾನು ಯೋಚಿಸದೆ ರೋಮ್ ಒತ್ತಿದೆ. ತಪ್ಪು. ಟ್ಯೂರಿನ್. ರೋಮ್ ರಾಜಧಾನಿಯಾಗಿದ್ದು 1871ರಲ್ಲಿ. ಪೀಸಾ ಗೋಪುರ ಯಾಕೆ ವಾಲಿದೆ ಅನ್ನುವ ಪ್ರಶ್ನೆಗೆ ಗಣಿತದ ಸರ್ "ಭೂಕಂಪ" ಅಂದರು. ಅಲ್ಲ, ನೆಲ ಮೆತ್ತಗಿತ್ತು. 1173ರಲ್ಲಿ ಕೆಲಸ ಶುರುವಾಗಿ ಮೇಲಕ್ಕೆ ಏರುವಷ್ಟರಲ್ಲೇ ಒಂದು ಕಡೆ ಕುಸಿಯತೊಡಗಿತ್ತು. ಇಬ್ಬರೂ ಇನ್ನು ಮರೆಯುವುದಿಲ್ಲ ಬಿಡಿ.

ಅದಕ್ಕೇ ಒಂದು ಕೋರಿಕೆ. ದಯವಿಟ್ಟು ಉತ್ತರ ಹೇಳಿಕೊಡಬೇಡಿ. ಹೋದ ಸಲದ ಕ್ವಿಜ್‌ನಲ್ಲಿ ಒಂದು ಮನೆಯ ಮೈಕ್ ಆನ್ ಇತ್ತು. "ಬಿ ಒತ್ತು, ಬಿ ಒತ್ತು" ಅಂತ ಅಪ್ಪನ ಪಿಸುಮಾತು ಎಲ್ಲರಿಗೂ ಕೇಳಿಸಿತು. ಸರಿ ಉತ್ತರ ಸಿ! ಮಗು ತಪ್ಪು ಒತ್ತಿದರೆ ಒತ್ತಲಿ. ಗೂಗಲ್ ಆಮೇಲೆ ಮಾಡಬಹುದು, ಅಲ್ವಾ? ಬೇಕಿದ್ದರೆ ಪಕ್ಕದಲ್ಲಿ ಸುಮ್ನೆ ಕೂತು ನೋಡಿ.

ಲಿಂಕನ್ನು ಶುಕ್ರವಾರ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಮನೆಯಲ್ಲಿ ಫೋನ್ ಬಿಡುವಿಲ್ಲದಿದ್ದರೆ, ನೆಟ್ ಸರಿ ಇಲ್ಲದಿದ್ದರೆ ಸಂಕೋಚ ಬೇಡ. ಶಾಲೆಯ ಕಂಪ್ಯೂಟರ್ ರೂಮ್ 4.30ಕ್ಕೇ ತೆರೆದಿರುತ್ತದೆ, ನಾನೂ ಅಲ್ಲೇ ಇರುತ್ತೇನೆ. ಹಾಗೆ ಬರುವವರು ಗುರುವಾರದೊಳಗೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ಎಷ್ಟು ಮಕ್ಕಳು ಅಂತ ಗೊತ್ತಾದರೆ ಮಂಡಕ್ಕಿಗೆ ಹೇಳಿಡಬಹುದು.

ಇಂತಿ,
ಮುಖ್ಯ ಶಿಕ್ಷಕಿ