ಅರ್ಥ್ ಗುಂಡಿಗೆ ನೀರು ಹಾಕಿದರೆ ಸಾಕೇ?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ಗುಂಡಿಗೆ ನೀರು ಹಾಕಿ, ಉಪ್ಪು ಇದ್ದಿಲು ತುಂಬಿಸಿ ಎಂಬ ಸಲಹೆ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ತಪ್ಪೇನಿಲ್ಲ. ಆದರೆ ಮೋಟರಿನ ಮೈಯಿಂದ ಸ್ವಿಚ್ಚುಗಳಿರುವ ಪ್ಯಾನೆಲ್‌ವರೆಗಿನ ಅರ್ಥ್ ದಾರಿಯೇ ನಡುವೆ ಕಡಿದಿದ್ದರೆ ಗುಂಡಿಗೆ ಎಷ್ಟು ಕೊಡ ನೀರು ಸುರಿದರೂ ಏನೂ ಉಪಯೋಗವಿಲ್ಲ. ಇಪ್ಪತ್ತಾರು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಆ ದಾರಿಯನ್ನು ಅಳೆದು ನೋಡುವವರನ್ನು ಕಂಡಿದ್ದು ಬಹಳ ಕಮ್ಮಿ.

ಹೋದ ಮಳೆಗಾಲದಲ್ಲಿ ಮೈಸೂರಿನ ಒಂದು ಅಪಾರ್ಟ್‌ಮೆಂಟಿನಿಂದ ಕರೆ ಬಂತು. "ಸಾರ್, ಸಂಪಿನ ಮೋಟ್ರು ಓಡುವಾಗ ಮುಟ್ಟಿದರೆ ಜುಮ್ ಅನ್ನುತ್ತೆ, ನಿಂತಾಗ ಏನಿಲ್ಲ" ಎಂದರು ಅಲ್ಲಿಯ ವಾಚ್‌ಮನ್. ನನಗಿಂತ ಮೊದಲು ಬಂದಿದ್ದವರು ಅರ್ಥ್ ದಾರಿ ಕೂಡಿದೆಯೇ ಎಂದು ಮಲ್ಟಿಮೀಟರ್ ಇಟ್ಟಿದ್ದರಂತೆ. ಅದು ಬೀಪ್ ಅಂದಿದೆ. "ಅರ್ಥ್ ಸರಿಯಾಗಿದೆ" ಅಂತ ಹೇಳಿ ಹೋಗಿದ್ದಾರೆ.

ಪ್ಯಾನೆಲ್‌ನಿಂದ ಮೋಟರಿಗೆ ಸುಮಾರು 60 ಮೀಟರ್ ಆರ್ಮರ್ಡ್ ಕೇಬಲ್ ನೆಲದೊಳಗೆ ಹೋಗಿದೆ. ಬೇರೆ ಅರ್ಥ್ ವೈರ್ ಎಳೆದಿಲ್ಲ. ಕೇಬಲ್ಲಿನ ಮೇಲಿರುವ ಕಬ್ಬಿಣದ ತಂತಿಗಳ ಕವಚವೇ ಅರ್ಥ್. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಮೋಟರ್ ಕಡೆ ಬಣ್ಣ ಕೆರೆದು, ಕೇಬಲ್ಲಿನ ಒಂದು ಕೋರನ್ನು, ಅಂದರೆ ಒಳಗಿನ ಒಂದು ತಂತಿಯನ್ನು, ಮೋಟರಿನ ಮೈಗೆ ಬಿಗಿದೆ. ಆಮೇಲೆ ಪ್ಯಾನೆಲ್ ಹತ್ತಿರ ಅದೇ ಕೋರ್ ಮತ್ತು ಅರ್ಥ್ ಪಟ್ಟಿಯ ನಡುವೆ ಅಳೆದೆ. ನನ್ನ ಮೀಟರ್ 200 ಮಿಲಿಆಂಪ್ ಹರಿಸಿ ಅಳೆಯುತ್ತದೆ. ದಾರಿಯ ತಡೆ ಅರ್ಧ ಓಮ್ ಒಳಗೆ ಬರಬೇಕಿತ್ತು, ಬಂದಿದ್ದು 11. ಹುಡುಗನಿಗೆ ಮೋಟರ್ ಕಡೆ ಕೇಬಲ್ಲಿನ ಕವಚವನ್ನು ಬಿಗಿದು ಹಿಡಿಯುವ ಗ್ಲ್ಯಾಂಡ್ ಅಲ್ಲಾಡಿಸು ಎಂದೆ. 3 ಆಯಿತು, 18 ಆಯಿತು, ಒಮ್ಮೆ ಪೂರ್ತಿ ಓಪನ್, ಅಂದರೆ ದಾರಿಯೇ ಕಡಿದಂತೆ.

ಗ್ಲ್ಯಾಂಡ್ ಬಿಚ್ಚಿದರೆ ಒಳಗೆ ಕೆಂಪು ಪುಡಿ. ಸಂಪಿನ ತೇವಕ್ಕೆ ತಂತಿಗಳೆಲ್ಲ ತುಕ್ಕು ಹಿಡಿದು ಉದುರಿದ್ದವು. ಮೂರೋ ನಾಲ್ಕೋ ತಂತಿ ಮಾತ್ರ ತಗುಲಿಕೊಂಡಿದ್ದವು. ಮಲ್ಟಿಮೀಟರ್ ಬೀಪ್ ಅನ್ನಲು ಅಷ್ಟೇ ಸಾಕು. ಅದಕ್ಕೆ ಅರ್ಧ ಓಮೂ ಒಂದೇ, 11 ಓಮೂ ಒಂದೇ. ಮೋಟರ್ ಓಡಿ ಅದುರಿದಾಗ ಆ ತಂತಿಗಳೂ ಕೈಬಿಡುತ್ತಿದ್ದವು.

ಲೆಕ್ಕ ಹಾಕಿ ನೋಡಿ. ಫೇಸ್ ವೈರ್ ಮೋಟರಿನ ಮೈಗೆ ತಗುಲಿತು ಅಂತಿಟ್ಟುಕೊಳ್ಳಿ. 230 ವೋಲ್ಟಿಗೆ 11 ಓಮ್ ಅಂದರೆ ಹರಿಯುವುದು ಸುಮಾರು 21 ಆಂಪ್ಸ್. ಅಲ್ಲಿದ್ದದ್ದು 20 ಆಂಪ್ಸ್ ಎಂಸಿಬಿ, ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್. 21ಕ್ಕೆಲ್ಲ ಅದು ಬೀಳುವುದೇ ಇಲ್ಲ. ಎಂಸಿಬಿ ತೆಪ್ಪಗೆ ಕೂತಿರುತ್ತದೆ, ಮೋಟರಿನ ಮೈಯಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. ಆರ್‌ಸಿಸಿಬಿ ಇದ್ದಿದ್ದರೆ ಕಾಪಾಡುತ್ತಿತ್ತು, ಸ್ವಲ್ಪ ಕರೆಂಟ್ ಸೋರಿದರೂ ಬೀಳುವ ಸ್ವಿಚ್ ಅದು. "ಸುಮ್ನೆ ಪದೇ ಪದೇ ಬೀಳುತ್ತೆ" ಅಂತ ಯಾರೋ ಅದನ್ನು ಕಿತ್ತು ಹಾಕಿದ್ದರು. ಅದು ಬೀಳುತ್ತಿದ್ದದ್ದು ಸುಮ್ನೆ ಅಲ್ಲ ಅಲ್ವಾ?

ನನಗೆ ಕುತೂಹಲವಾಗಿದ್ದು ಬೇರೆ. ಅಷ್ಟು ತುಕ್ಕು ಒಂದು ವರ್ಷದ್ದಲ್ಲ. ಹಾಗಾದರೆ ಇಷ್ಟು ದಿನ ಯಾರಿಗೂ ಶಾಕ್ ಹೊಡೆಯಲಿಲ್ಲ ಯಾಕೆ? ವಾಚ್‌ಮನ್ ಮಾತಾಡುತ್ತಾ ಹೇಳಿದರು: ಹಿಂದಿನ ಬೇಸಿಗೆಯಲ್ಲಿ ಹಳೇ ಜಿಐ ಪೈಪ್ ತೆಗೆದು ಪ್ಲಾಸ್ಟಿಕ್ ಪೈಪ್ ಹಾಕಿಸಿದರಂತೆ. ಅಲ್ಲಿಗೆ ಗೊತ್ತಾಯಿತು. ನೆಲದಲ್ಲಿ ಹೂತಿದ್ದ ಆ ಕಬ್ಬಿಣದ ಪೈಪೇ ಇಷ್ಟು ವರ್ಷ ಅರ್ಥ್ ಆಗಿ ದುಡಿದಿತ್ತು. ಪ್ಲಂಬರ್ ಅದನ್ನು ತೆಗೆದ ದಿನವೇ ಮೋಟರಿನ ಅರ್ಥೂ ಹೋಯಿತು. ಪೈಪ್ ಇದ್ದಾಗ ನಾನೇ ಹೋಗಿ ಅಳೆದಿದ್ದರೂ ಮೋಸ ಹೋಗುತ್ತಿದ್ದೆನೇನೋ. ಅದಕ್ಕೇ ಪೈಪು, ಫೌಂಡೇಶನ್ ಬೋಲ್ಟು ಇಂಥ ಕಳ್ಳದಾರಿಗಳನ್ನೆಲ್ಲ ಬಿಡಿಸಿಯೇ ಕೇಬಲ್ಲಿನ ಕವಚವನ್ನು ಅಳೆಯಬೇಕು.

ಇದು ನಾನು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಅರ್ಥ್ ವೈರಿನ ಕಂಟಿನ್ಯುಟಿ, ಅಂದರೆ ಅದು ನಡುವೆ ಕಡಿಯದೆ ಕೂಡಿದೆಯೇ ಎಂಬುದನ್ನು ಪರೀಕ್ಷಿಸಬೇಕು ಅಂತ ನಮ್ಮ ದೇಶದ ವೈರಿಂಗ್ ಸಂಹಿತೆ ಐಎಸ್ 732ರಲ್ಲೇ ಇದೆ. ಆದರೆ ನಾನು ನೋಡಿದ ಬಹುತೇಕ ವಾರ್ಷಿಕ ವರದಿಗಳಲ್ಲಿ ಎರಡೇ ಅಂಕಿ: ಮೆಗ್ಗರ್ ಎಂಬ ಮೀಟರ್ ಇಟ್ಟು ಅಳೆದ, ತಂತಿಯ ಮೇಲಿನ ಇನ್ಸುಲೇಶನ್, ಮತ್ತೆ ಗುಂಡಿಯ ಓಮ್. ಕಂಟಿನ್ಯುಟಿ ಕಾಲಂ ಇದ್ದರೂ ಅಲ್ಲಿ "ಓಕೆ" ಅಂತಿರುತ್ತದೆ. ಎಷ್ಟು ಓಮ್‌ಗೆ ಓಕೆ?

ಅಪಾರ್ಟ್‌ಮೆಂಟ್ ಸಂಘದವರು ಹಣ ಕೊಡುವ ಮುಂಚೆ ಗುತ್ತಿಗೆದಾರರಿಂದ ಆ ಅಂಕಿ ಕೇಳಿ ಪಡೆಯಲಿ. ಬೀದಿ ದೀಪದ ಕಂಬ, ಪಾರ್ಕಿನ ಬೋರ್‌ವೆಲ್‌ಗೂ ಸಾಮಾನ್ಯವಾಗಿ ಹೋಗುವುದು ಇಂಥದೇ ಕೇಬಲ್. ನಗರಸಭೆ, ಪಂಚಾಯಿತಿಗಳು ಟೆಂಡರಿನಲ್ಲೇ ಇದನ್ನು ಸೇರಿಸಲಿ, ಪ್ರತಿ ಕಂಬಕ್ಕೂ ಒಂದು ಅಂಕಿ ಇರಲಿ. ವಿದ್ಯುತ್ ಪರಿವೀಕ್ಷಕರೂ ತಪಾಸಣೆಗೆ ಬಂದಾಗ ಒಂದೆರಡು ಕಡೆ ತಮ್ಮೆದುರೇ ಅಳೆಸಿ ನೋಡಲಿ. ಒಂದು ಮೋಟರಿಗೆ ಕಾಲು ಗಂಟೆ ಜಾಸ್ತಿ ಹಿಡಿಯಬಹುದು, ಅಷ್ಟೇ.

ಆ ಮೋಟರಿಗೆ ಹೊಸ ಗ್ಲ್ಯಾಂಡ್ ಹಾಕಿದೆ. ಕೇಬಲ್ ಜೊತೆಗೇ 8 ಗೇಜಿನ ಜಿಐ ತಂತಿಯನ್ನೂ ಎಳೆಸಿ, ಆರ್‌ಸಿಸಿಬಿಯನ್ನು ವಾಪಸ್ ಕೂರಿಸಿದೆ. ಮತ್ತೆ ಅಳೆದಾಗ 0.3 ಓಮ್ ಬಂತು. ಅವರ ವರದಿ ಫಾರಂನಲ್ಲಿ ಅದನ್ನು ಬರೆಯಲು ಕಾಲಮ್ಮೇ ಇರಲಿಲ್ಲ. ಪಕ್ಕದ ಮಾರ್ಜಿನ್‌ನಲ್ಲಿ ಬರೆದು ಸಹಿ ಹಾಕಿ ಬಂದೆ.

— ಒಬ್ಬ ವಿದ್ಯುತ್ ಗುತ್ತಿಗೆದಾರ, ಮೈಸೂರು